ಗುರಿ ಮುಟ್ಟಿದರೂ ಹೊಗೆ ಇಳಿಯುವುದಿಲ್ಲ ಏಕೆ? ಭಾರತದ 2030ರ ಲೆಕ್ಕ

2025ರ ಜುಲೈ 14ರಂದು ಕೇಂದ್ರ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯ 484.8 ಗಿಗಾವಾಟ್ (ಒಂದು ಗಿಗಾವಾಟ್ ಎಂದರೆ ಸಾವಿರ ಮೆಗಾವಾಟ್), ಅದರಲ್ಲಿ 242.8 ಗಿಗಾವಾಟ್ ಕಲ್ಲಿದ್ದಲು, ಅನಿಲ, ಡೀಸೆಲ್ ಬಳಸದ ಮೂಲಗಳದ್ದು. ಅಂದರೆ ಅರ್ಧಕ್ಕರ್ಧ. 2030ಕ್ಕೆ ಮುಟ್ಟುತ್ತೇವೆ ಎಂದು ವಿಶ್ವಸಂಸ್ಥೆಗೆ ಬರೆದುಕೊಟ್ಟಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದೆವು ಎಂಬುದು ಪ್ರಕಟಣೆಯ ತಿರುಳು. ಅದಕ್ಕೆ ನಾಲ್ಕು ತಿಂಗಳ ಹಿಂದೆ ಇನ್ನೊಂದು ಸಂಭ್ರಮದ ಸುದ್ದಿ ಬಂದಿತ್ತು: 2024-25ರಲ್ಲಿ ದೇಶದ ಗಣಿಗಳು ತೆಗೆದ ಕಲ್ಲಿದ್ದಲು ಮೊದಲ ಬಾರಿಗೆ 100 ಕೋಟಿ ಟನ್ ದಾಟಿತು.

ಎರಡೂ ಸುದ್ದಿ ನಿಜ, ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಭಾರತ ಕೊಟ್ಟಿರುವ ಮಾತು ಯಾವ ಅಳತೆಗೋಲಿನದು ಎಂದು ಗೊತ್ತಾದರೆ ಇದರಲ್ಲಿ ಒಗಟು ಉಳಿಯುವುದಿಲ್ಲ. "ಸರ್ಕಾರ ತನ್ನ ಗುರಿ ತಲುಪುತ್ತದೆಯೇ" ಎಂದು ಕೇಳುವ ಮೊದಲು "ಏನನ್ನು ಅಳೆಯುವ ಗುರಿ" ಎಂದು ಕೇಳಬೇಕು. ಆ ಪ್ರಶ್ನೆ ಬಿಟ್ಟು ನಡೆಸುವ ವಾದ ಗಾಳಿಗೆ ಗುದ್ದಿದಂತೆ.

ಬರೆದುಕೊಟ್ಟ ಮಾತು, ವೇದಿಕೆಯಲ್ಲಿ ಆಡಿದ ಮಾತು

ಪ್ಯಾರಿಸ್ ಒಪ್ಪಂದದಡಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದು ಸಲ್ಲಿಸಬೇಕು. ಭಾರತ ಮೊದಲು ಸಲ್ಲಿಸಿದ್ದು 2015ರಲ್ಲಿ, ಪರಿಷ್ಕರಿಸಿದ್ದು 2022ರ ಆಗಸ್ಟ್‌ನಲ್ಲಿ. ಅದರಲ್ಲಿ 2030ಕ್ಕೆ ಲೆಕ್ಕಕ್ಕೆ ಸಿಗುವ ಗುರಿಗಳು ಮೂರು. ಮೊದಲನೆಯದು, ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಹಸಿರುಮನೆ ಅನಿಲವನ್ನು 2005ಕ್ಕೆ ಹೋಲಿಸಿ 2030ರೊಳಗೆ ಶೇ 45ರಷ್ಟು ಇಳಿಸುವುದು. ಎರಡನೆಯದು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಶೇ 50ರಷ್ಟು ಪಳೆಯುಳಿಕೆಯೇತರ ಮೂಲಗಳದ್ದಾಗಿರುವುದು. ಇದಕ್ಕೆ ತಂತ್ರಜ್ಞಾನವೂ ಅಗ್ಗದ ಅಂತರರಾಷ್ಟ್ರೀಯ ಸಾಲವೂ ಸಿಗಬೇಕು ಎಂಬ ಷರತ್ತು ಅಂಟಿಕೊಂಡಿದೆ. ಮೂರನೆಯದು, ಕಾಡು ಮತ್ತು ಮರಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿಸುವುದು.

2021ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಘೋಷಿಸಿದ "ಪಂಚಾಮೃತ"ದಲ್ಲಿ ಇನ್ನೂ ಒಂದಷ್ಟಿತ್ತು: 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯ, 2030ರೊಳಗೆ ಒಟ್ಟು ಹೊರಸೂಸುವಿಕೆಯ ಅಂದಾಜಿನಲ್ಲಿ 100 ಕೋಟಿ ಟನ್ ಕಡಿತ, 2070ಕ್ಕೆ ನೆಟ್ ಜೀರೋ, ಅಂದರೆ ಹೊರಬಿಟ್ಟಷ್ಟನ್ನೂ ಹೀರಿಸಿ ನಿವ್ವಳ ಸೊನ್ನೆ. ಆದರೆ ಮರುವರ್ಷ ಸಲ್ಲಿಸಿದ ಗುರಿಪತ್ರದಲ್ಲಿ 500 ಗಿಗಾವಾಟ್ ಇಲ್ಲ, 100 ಕೋಟಿ ಟನ್ ಕಡಿತವೂ ಇಲ್ಲ. ಭಾಷಣದಲ್ಲಿ ಬಂದದ್ದೆಲ್ಲ ಪತ್ರಕ್ಕೆ ಇಳಿಯಲಿಲ್ಲ. ಪತ್ರಿಕೆಗಳು ಎರಡನ್ನೂ ಕಲಸಿ "ಭಾರತದ ಗುರಿ" ಎಂದು ಬರೆಯುವುದರಿಂದ ಓದುಗರಿಗೆ ಗೊಂದಲವಾಗುವುದು ಸಹಜ.

ಪತ್ರದಲ್ಲಿರುವುದನ್ನು ತಪ್ಪಿಸಿದರೂ ದಂಡವಿಲ್ಲ. ಒಪ್ಪಂದದ 15ನೇ ವಿಧಿಯ ಪ್ರಕಾರ ಪಾಲನಾ ಸಮಿತಿ ನೆರವು ನೀಡುವ ಸ್ವರೂಪದ್ದು, ಶಿಕ್ಷಿಸುವಂಥದ್ದಲ್ಲ. ಬ್ರಿಟನ್ 2008ರ ಕಾಯ್ದೆಯ ಮೂಲಕ ಐದೈದು ವರ್ಷಕ್ಕೊಂದು "ಇಂಗಾಲದ ಬಜೆಟ್" ಕಟ್ಟಿ, ಸರ್ಕಾರವನ್ನು ಪ್ರತಿ ವರ್ಷ ಪ್ರಶ್ನಿಸುವ ಸ್ವತಂತ್ರ ಸಮಿತಿಯನ್ನೂ ಇಟ್ಟುಕೊಂಡಿದೆ. ಒಟ್ಟು ಹೊರಸೂಸುವಿಕೆಗೆ ಹಾಗೆ ಮಿತಿ ಹಾಕುವ ಕಾನೂನು ನಮ್ಮಲ್ಲಿಲ್ಲ.

ಅಂಶ ಮತ್ತು ಛೇದ

ಶೇ 45ರ ಗುರಿ ಒಂದು ಭಿನ್ನರಾಶಿ. ಅಂಶದಲ್ಲಿ ಹೊರಬಿದ್ದ ಅನಿಲದ ಟನ್ನುಗಳು, ಛೇದದಲ್ಲಿ ಜಿಡಿಪಿ. ಇದನ್ನು ಹೊರಸೂಸುವಿಕೆಯ ತೀವ್ರತೆ ಎನ್ನುತ್ತಾರೆ. ಭಿನ್ನರಾಶಿಯನ್ನು ಇಳಿಸಲು ಅಂಶ ಇಳಿಯಲೇಬೇಕೆಂದಿಲ್ಲ, ಛೇದ ಅದಕ್ಕಿಂತ ಬೇಗ ಬೆಳೆದರೆ ಸಾಕು.

2005ರಲ್ಲಿ ಜಿಡಿಪಿ 100 ರೂಪಾಯಿ, ಹೊರಸೂಸುವಿಕೆ 100 ಕೆಜಿ ಎಂದಿಟ್ಟುಕೊಳ್ಳಿ. ಜಿಡಿಪಿ ವರ್ಷಕ್ಕೆ ಶೇ 6ರಂತೆ 25 ವರ್ಷ ಬೆಳೆದರೆ 2030ಕ್ಕೆ ಅದು ಸುಮಾರು 429 ರೂಪಾಯಿ. ತೀವ್ರತೆ ಶೇ 45 ಇಳಿಯಬೇಕೆಂದರೆ ರೂಪಾಯಿಗೆ 0.55 ಕೆಜಿ. 429ನ್ನು 0.55ರಿಂದ ಗುಣಿಸಿದರೆ 236 ಕೆಜಿ. ಹೊರಸೂಸುವಿಕೆ 100ರಿಂದ 236ಕ್ಕೆ, ಎರಡು ಪಟ್ಟಿಗೂ ಹೆಚ್ಚಾಗಿ ಏರಿದರೂ ಗುರಿ ತಲುಪಿದ ಹಾಗೆಯೇ. ಇದನ್ನು ಮೋಸ ಎನ್ನಲಾಗದು. ತಲಾ ಹೊರಸೂಸುವಿಕೆ ಜಗತ್ತಿನ ಸರಾಸರಿಯ ಅರ್ಧದಷ್ಟೂ ಇಲ್ಲದ ದೇಶ ಇನ್ನೂ ರಸ್ತೆ, ಮನೆ, ಕಾರ್ಖಾನೆ ಕಟ್ಟಿಕೊಳ್ಳಬೇಕಿರುವಾಗ ಇಂಥ ಗುರಿ ಆರಿಸಿಕೊಳ್ಳುವುದಕ್ಕೆ ನ್ಯಾಯವಾದ ಕಾರಣವಿದೆ. ಆದರೆ "ಶೇ 45 ಕಡಿತ" ಎಂಬ ತಲೆಬರಹ ಓದಿ ಹೊಗೆ ಅರ್ಧದಷ್ಟಾಗುತ್ತದೆ ಎಂದುಕೊಂಡವರು ಮೋಸ ಹೋದಂತೆಯೇ.

ಹಾಗಾದರೆ ನಾವು ಎಲ್ಲಿದ್ದೇವೆ? 2024ರ ಡಿಸೆಂಬರ್ ಕೊನೆಯಲ್ಲಿ ಭಾರತ ಸಲ್ಲಿಸಿದ ವರದಿಯ ಪ್ರಕಾರ 2005ರಿಂದ 2020ರ ನಡುವೆ ತೀವ್ರತೆ ಶೇ 36 ಇಳಿದಿದೆ. 15 ವರ್ಷದಲ್ಲಿ 1ರಿಂದ 0.64ಕ್ಕೆ, ಅಂದರೆ ವರ್ಷಕ್ಕೆ ಸುಮಾರು ಶೇ 3ರ ಇಳಿಕೆ. ಉಳಿದ ಹತ್ತು ವರ್ಷದಲ್ಲಿ 0.64ರಿಂದ 0.55ಕ್ಕೆ ಬರಲು ವರ್ಷಕ್ಕೆ ಶೇ 1.5 ಸಾಕು. ಹಳೆಯ ವೇಗದ ಅರ್ಧದಷ್ಟು ನಡೆದರೂ ಗುರಿ ಕೈಗೆಟುಕುತ್ತದೆ. ಹಳೆಯ ವೇಗವನ್ನೇ ಉಳಿಸಿಕೊಂಡರೆ 2030ಕ್ಕೆ ಇಳಿಕೆ ಶೇ 52ರ ಹತ್ತಿರ ಹೋಗುತ್ತದೆ. ಓಟಗಾರ ಎಷ್ಟು ಬಲಶಾಲಿ ಎನ್ನುವುದಕ್ಕಿಂತ ಗೆರೆ ಎಷ್ಟು ಹತ್ತಿರ ಎಳೆಯಲಾಗಿತ್ತು ಎಂಬುದನ್ನೇ ಈ ಲೆಕ್ಕ ಹೇಳುತ್ತದೆ.

ಎರಡು ಎಚ್ಚರಿಕೆ ಇಲ್ಲಿ ಬೇಕು. 2020 ಲಾಕ್‌ಡೌನ್ ವರ್ಷ. ಆ ವರ್ಷದ ಅಂಕಿಯನ್ನು ತುದಿಯಾಗಿಟ್ಟು ಗೆರೆ ಎಳೆದರೆ ಇಳಿಜಾರು ಎಷ್ಟು ಸಾಚಾ ಎಂದು ಹೇಳುವುದು ಕಷ್ಟ. 2019ರವರೆಗಿನ ಲೆಕ್ಕದಲ್ಲಿ ಇಳಿಕೆ ಶೇ 33 ಇತ್ತು. ಇನ್ನೊಂದು, ಛೇದವೂ ಕಲ್ಲಿನ ಮೇಲಿನ ಬರಹವಲ್ಲ. ಜಿಡಿಪಿ ಲೆಕ್ಕದ ಮೂಲವರ್ಷವನ್ನು 2015ರಲ್ಲಿ 2004-05ರಿಂದ 2011-12ಕ್ಕೆ ಬದಲಿಸಿದಾಗ ಬೆಳವಣಿಗೆಯ ಅಂಕಿಗಳೇ ಬದಲಾದವು. ಒಂದು ಕೊಳವೆಯಿಂದಲೂ ಹೊಗೆ ಕಡಿಮೆಯಾಗದೆ ತೀವ್ರತೆ ಬದಲಾಗಲು ಸಾಧ್ಯ.

ಒಟ್ಟು ಹೊರಸೂಸುವಿಕೆ ಯಾವಾಗ ಇಳಿಯಲು ಶುರುವಾಗುತ್ತದೆ ಎಂಬುದಕ್ಕೂ ಇದೇ ಭಿನ್ನರಾಶಿಯಲ್ಲಿ ಉತ್ತರವಿದೆ. ಜಿಡಿಪಿ ಎಷ್ಟು ವೇಗವಾಗಿ ಬೆಳೆಯುತ್ತದೋ ತೀವ್ರತೆ ಅಷ್ಟೇ ವೇಗವಾಗಿ ಇಳಿಯಬೇಕು. ಬೆಳವಣಿಗೆ ಶೇ 6.5, ತೀವ್ರತೆಯ ಇಳಿಕೆ ಶೇ 3 ಇದ್ದರೆ ಒಟ್ಟು ಮೊತ್ತ ವರ್ಷಕ್ಕೆ ಶೇ 3.3ರಂತೆ ಏರುತ್ತಲೇ ಇರುತ್ತದೆ. ಈಗಿನ ಇಳಿಕೆಯ ವೇಗ ಎರಡು ಪಟ್ಟಿಗಿಂತ ಹೆಚ್ಚಾಗುವವರೆಗೆ ಏರಿಕೆ ನಿಲ್ಲದು.

ಟನ್ನುಗಳನ್ನು ಎಣಿಸುವುದು ಹೇಗೆ

ಯಾವ ದೇಶವೂ ತನ್ನ ಎಲ್ಲ ಚಿಮಣಿಗಳಿಗೆ ಮೀಟರ್ ಕಟ್ಟಿ ಅನಿಲ ಅಳೆಯುವುದಿಲ್ಲ. ಲೆಕ್ಕ ನಡೆಯುವುದು ಗುಣಾಕಾರದಲ್ಲಿ: ಎಷ್ಟು ಸುಟ್ಟೆವು ಎಂಬುದನ್ನು, ಒಂದು ಕೆಜಿ ಸುಟ್ಟರೆ ಎಷ್ಟು ಹೊರಬರುತ್ತದೆ ಎಂಬ ಗುಣಾಂಕದಿಂದ ಗುಣಿಸುವುದು. ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್, ಪೆಟ್ರೋಲ್‌ಗೆ 2.3 ಕೆಜಿ. ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಸುಮಾರು 42 ಕೆಜಿ. ಸುಟ್ಟ ಇಂಧನಕ್ಕಿಂತ ಅನಿಲದ ತೂಕ ಹೆಚ್ಚು ಬರುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಇಂಗಾಲದ 12 ಕೆಜಿಗೆ ಗಾಳಿಯ 32 ಕೆಜಿ ಆಮ್ಲಜನಕ ಸೇರಿ 44 ಕೆಜಿ ಆಗುತ್ತದೆ, ಅಷ್ಟೇ.

ಇಂಧನದ ಲೆಕ್ಕ ಬಹುಮಟ್ಟಿಗೆ ನಂಬಲರ್ಹ, ಏಕೆಂದರೆ ಕಲ್ಲಿದ್ದಲಿಗೂ ಡೀಸೆಲ್‌ಗೂ ಬಿಲ್ ಇರುತ್ತದೆ. ಹೊಲ ಮತ್ತು ಕೊಟ್ಟಿಗೆಗೆ ಬಂದಾಗ ಲೆಕ್ಕ ಸಡಿಲವಾಗುತ್ತದೆ. ಗದ್ದೆಯಲ್ಲಿ ಎಷ್ಟು ದಿನ ನೀರು ನಿಂತಿತ್ತು ಎಂಬುದರ ಮೇಲೆ ಮೀಥೇನ್, ಹಸುವಿನ ತಳಿ ಮತ್ತು ಮೇವಿನ ಮೇಲೆ ಇನ್ನಷ್ಟು ಮೀಥೇನ್. ಒಂದು ಕೆಜಿ ಮೀಥೇನನ್ನು ನೂರು ವರ್ಷದ ಲೆಕ್ಕದಲ್ಲಿ 28 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ ಐದನೇ ವರದಿ ಹಿಡಿಯಿತು, ನೈಟ್ರಸ್ ಆಕ್ಸೈಡ್‌ಗೆ 265. ಒಂದು 45 ಕೆಜಿ ಯೂರಿಯಾ ಚೀಲವನ್ನೇ ತೆಗೆದುಕೊಳ್ಳಿ. ಅದರಲ್ಲಿ ಸಾರಜನಕ ಶೇ 46, ಅಂದರೆ 20.7 ಕೆಜಿ. ಐಪಿಸಿಸಿಯ ಸಾಮಾನ್ಯ ಗುಣಾಂಕದಂತೆ ಅದರ ಶೇ 1 ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹಾರಿಹೋದರೆ 0.33 ಕೆಜಿ ಅನಿಲ. 265ರಿಂದ ಗುಣಿಸಿದರೆ 86 ಕೆಜಿ. ಹೊಲಕ್ಕೆ ಎರಚಿದ ಒಂದು ಚೀಲ ಯೂರಿಯಾ ಎರಡು ಸಿಲಿಂಡರ್ ಗ್ಯಾಸ್‌ಗೆ ಸಮ. ಗೊಬ್ಬರದ ಕಾರ್ಖಾನೆಯಲ್ಲಿ ಸುಟ್ಟ ಅನಿಲ ಇದಕ್ಕೆ ಹೊರತು.

ಹೀಗೆ ಕೂಡಿಸಿದಾಗ 2020ರಲ್ಲಿ ಭಾರತದ ಒಟ್ಟು ಮೊತ್ತ 295.9 ಕೋಟಿ ಟನ್. ಇಂಧನ ವಲಯದ್ದು ಶೇ 75.66, ಕೃಷಿಯದ್ದು 13.72, ಕೈಗಾರಿಕಾ ಪ್ರಕ್ರಿಯೆಗಳದ್ದು 8.06, ತ್ಯಾಜ್ಯದ್ದು 2.56. ವಿದ್ಯುತ್ ಉತ್ಪಾದನೆಯೊಂದೇ ಒಟ್ಟಿನ ಸುಮಾರು ಶೇ 39. ಕಾಡು ಮತ್ತು ಭೂಬಳಕೆ ಹೀರಿಕೊಂಡ 52.2 ಕೋಟಿ ಟನ್ ಕಳೆದರೆ ನಿವ್ವಳ 243.7 ಕೋಟಿ. 2020ರ ಲೆಕ್ಕ ಕೈಸೇರಿದ್ದು 2024ರ ಕೊನೆಗೆ ಎಂಬುದನ್ನು ಗಮನಿಸಿ. 2030ರಲ್ಲಿ ಗುರಿ ತಲುಪಿದೆವೋ ಇಲ್ಲವೋ ಎಂದು ಅಧಿಕೃತವಾಗಿ ಗೊತ್ತಾಗುವ ಹೊತ್ತಿಗೆ ಒಂದು ಲೋಕಸಭಾ ಚುನಾವಣೆಯಾದರೂ ಮುಗಿದಿರುತ್ತದೆ.

ಮೆಗಾವಾಟ್ ಬೇರೆ, ಯೂನಿಟ್ ಬೇರೆ

ಎರಡನೇ ಗುರಿ ಮುಟ್ಟಿಯಾಗಿದೆ ಎಂದೆವು. ಆದರೆ ಮನೆಯಲ್ಲಿ ಉರಿಯುವ ದೀಪಕ್ಕೆ ಕರೆಂಟ್ ಬರುವುದು ಮೆಗಾವಾಟ್‌ನಿಂದಲ್ಲ, ಯೂನಿಟ್‌ನಿಂದ. ಮೆಗಾವಾಟ್ ಎಂದರೆ ಯಂತ್ರದ ತಾಕತ್ತು, ಯೂನಿಟ್ ಎಂದರೆ ಅದು ಮಾಡಿದ ಕೆಲಸ. ನಮ್ಮ ರಾಜ್ಯದ ಎರಡು ಜಾಗಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡದ ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡದ್ದಲ್ಲ, ರೈತರಿಂದ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಪಡೆದದ್ದು. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರ ಆರ್‌ಟಿಪಿಎಸ್‌ನಲ್ಲಿ 210 ಮೆಗಾವಾಟ್‌ನ ಏಳು ಘಟಕ, 250ರದ್ದೊಂದು, ಒಟ್ಟು 1,720 ಮೆಗಾವಾಟ್. ಮೆಗಾವಾಟ್ ಲೆಕ್ಕದಲ್ಲಿ ಪಾವಗಡವೇ ದೊಡ್ಡದು. ಸೂರ್ಯ ರಾತ್ರಿ ಇರುವುದಿಲ್ಲ, ಬೆಳಿಗ್ಗೆ ಸಂಜೆ ಓರೆಯಾಗಿರುತ್ತಾನೆ, ಮಳೆಗಾಲದಲ್ಲಿ ಮೋಡ. ಇದನ್ನೆಲ್ಲ ಸೇರಿಸಿ ವರ್ಷವಿಡೀ ಪೂರ್ಣ ಸಾಮರ್ಥ್ಯದ ಶೇ 24ರಷ್ಟು ಸಿಗುತ್ತದೆ ಎಂದು ಧಾರಾಳವಾಗಿ ಹಿಡಿದರೂ ಪಾವಗಡದಿಂದ ವರ್ಷಕ್ಕೆ ಸುಮಾರು 431 ಕೋಟಿ ಯೂನಿಟ್. ಆರ್‌ಟಿಪಿಎಸ್ ಶೇ 70ರಂತೆ ಓಡಿದರೆ 1,055 ಕೋಟಿ ಯೂನಿಟ್. ಸಾಮರ್ಥ್ಯದ ಪಟ್ಟಿಯಲ್ಲಿ ಸೋತ ಕಲ್ಲಿದ್ದಲು ಯೂನಿಟ್ ಪಟ್ಟಿಯಲ್ಲಿ ಎರಡೂವರೆ ಪಟ್ಟು ಗೆಲ್ಲುತ್ತದೆ.

ದೇಶದ ಮಟ್ಟದಲ್ಲೂ ಇದೇ ಕಥೆ. ಸಾಮರ್ಥ್ಯದಲ್ಲಿ ಅರ್ಧ ಹಸಿರು, ಆದರೆ ಉತ್ಪಾದನೆಯಾದ ಯೂನಿಟ್‌ಗಳಲ್ಲಿ ಮುಕ್ಕಾಲಿಗೆ ಹತ್ತಿರ ಇನ್ನೂ ಕಲ್ಲಿದ್ದಲಿನದು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಒಂದು ಯೂನಿಟ್ ಕರೆಂಟಿಗೆ 650ರಿಂದ 700 ಗ್ರಾಂ ಬೇಕು, ಹೊರಬೀಳುವ ಇಂಗಾಲದ ಡೈಆಕ್ಸೈಡ್ ಒಂದು ಕೆಜಿಯ ಆಸುಪಾಸು. ಎಲ್ಲ ಮೂಲಗಳನ್ನೂ ಸೇರಿಸಿದ ಗ್ರಿಡ್ ಸರಾಸರಿ ಯೂನಿಟ್‌ಗೆ ಸುಮಾರು 0.7 ಕೆಜಿ. ಗ್ರಿಡ್ ನಿಜವಾಗಿ ಹಸಿರಾಗುತ್ತಿದೆಯೇ ಎಂದು ತಿಳಿಯಬೇಕಾದವರು ಗಿಗಾವಾಟ್ ಬಿಟ್ಟು ಈ 0.7ರ ಮೇಲೆ ಕಣ್ಣಿಡಬೇಕು. ಅದು ಆಮೆ ನಡಿಗೆಯಲ್ಲಿ ಇಳಿಯುತ್ತಿದೆ, ಒಮ್ಮೊಮ್ಮೆ ಒಂದು ವರ್ಷ ಏರುವುದೂ ಉಂಟು.

ಸಂಜೆ ಏಳರ ಸಮಸ್ಯೆ

ಹಗಲು ಒಂದು ಗಂಟೆಗೆ ಪಾವಗಡ, ಚಿತ್ರದುರ್ಗ, ಕಲಬುರಗಿಯ ಸೋಲಾರ್ ಎಲ್ಲ ತುಂಬಿ ಬರುತ್ತದೆ. ಆಗ ಶಾಖೋತ್ಪನ್ನ ಘಟಕಗಳನ್ನು ತಗ್ಗಿಸಬೇಕು. ಆದರೆ ಬಾಯ್ಲರ್ ಎಂದರೆ ಗ್ಯಾಸ್ ಒಲೆಯ ಗುಬ್ಬಿ ತಿರುಗಿಸಿದಂತಲ್ಲ. ಸಾಮರ್ಥ್ಯದ ಶೇ 55ಕ್ಕಿಂತ ಕೆಳಗೆ ಇಳಿಸಿದರೆ ಕುಲುಮೆಯ ಬೆಂಕಿ ಅಸ್ಥಿರವಾಗುತ್ತದೆ, ಅದನ್ನು ಹಿಡಿದಿಡಲು ಎಣ್ಣೆ ಸುರಿಯಬೇಕಾಗುತ್ತದೆ. ಕಡಿಮೆ ಲೋಡಿನಲ್ಲಿ ಓಡುವ ಘಟಕ ಪ್ರತಿ ಯೂನಿಟ್‌ಗೆ ಹೆಚ್ಚು ಕಲ್ಲಿದ್ದಲು ತಿನ್ನುತ್ತದೆ. ಬಿಸಿ, ತಂಪು, ಮತ್ತೆ ಬಿಸಿ ಎಂದು ದಿನವೂ ಆಡಿಸಿದರೆ ಬಾಯ್ಲರ್ ಟ್ಯೂಬ್‌ಗಳು ಬಿರುಕು ಬಿಡುತ್ತವೆ. ಹಾಗೆಂದು ಪೂರ್ತಿ ಆರಿಸಿದರೆ ಮತ್ತೆ ಹೊತ್ತಿಸಿ ಪೂರ್ಣ ಲೋಡಿಗೆ ತರಲು ಹಲವು ಗಂಟೆ ಬೇಕು, ಸಂಜೆ ಏಳಕ್ಕೆ ಸಿಗುವುದಿಲ್ಲ. 210 ಮೆಗಾವಾಟ್‌ನ ಘಟಕವೊಂದು ಸಂಜೆ ಬೇಕೆಂದರೆ ಮಧ್ಯಾಹ್ನವೂ 115 ಮೆಗಾವಾಟ್‌ನಷ್ಟು ಉರಿಯುತ್ತಲೇ ಇರಬೇಕು. ಕನಿಷ್ಠ ಮಟ್ಟವನ್ನು ಹಂತಹಂತವಾಗಿ ಶೇ 40ಕ್ಕೆ ಇಳಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ತಂದಿದೆ. ಹಳೆಯ ಘಟಕಗಳಿಗೆ ಅದನ್ನು ಅಳವಡಿಸುವುದು ಖರ್ಚಿನ ಬಾಬತ್ತು, ಆ ಖರ್ಚನ್ನು ಯಾರ ಬಿಲ್ಲಿಗೆ ಹಾಕಬೇಕು ಎಂಬ ಜಗ್ಗಾಟ ಬೇರೆ.

ಗ್ರಿಡ್‌ಗೆ ಬೇಡವಾದ ಸೋಲಾರ್ ಅನ್ನು ಕೆಲವೊಮ್ಮೆ ನಿಲ್ಲಿಸಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಹೊಸ ಫಲಕ ಹಾಕಿದರೂ ಹೊಗೆ ಇಳಿಯುವುದಿಲ್ಲ, ಸಾಮರ್ಥ್ಯದ ಅಂಕಿ ಮಾತ್ರ ಏರುತ್ತದೆ. ಉಪಾಯಗಳು ಇಲ್ಲವೆಂದಲ್ಲ. ಎಲ್ಲಕ್ಕಿಂತ ಅಗ್ಗದ್ದು ಬೇಡಿಕೆಯನ್ನೇ ಹಗಲಿಗೆ ಸರಿಸುವುದು. ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಐಪಿ ಸೆಟ್‌ಗಳಿವೆ (ನೀರಾವರಿ ಪಂಪ್‌ಸೆಟ್), 10 ಎಚ್‌ಪಿವರೆಗೆ ಕರೆಂಟ್ ಉಚಿತ, ಏಳು ಗಂಟೆಯ ತ್ರೀ ಫೇಸ್ ಪೂರೈಕೆ ಪಾಳಿಯ ಮೇಲೆ. ಪಾಳಿ ರಾತ್ರಿ ಬಂದರೆ ರೈತ ಬ್ಯಾಟರಿ ಹಿಡಿದು, ಹಾವು ಚೇಳಿನ ನಡುವೆ ಗದ್ದೆಗೆ ಹೋಗಬೇಕು. ಆ ಪಂಪ್ ಓಡುವುದು ಬಹುಪಾಲು ಕಲ್ಲಿದ್ದಲಿನ ಕರೆಂಟಿನಲ್ಲಿ. ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಕೃಷಿ ಫೀಡರ್‌ಗಳಿಗೆ ಹಗಲೇ ಕೊಡುವ ಕುಸುಮ್ ಯೋಜನೆಯ ಭಾಗ ಇದಕ್ಕಾಗಿಯೇ ಇರುವುದು. ರೈತನ ನಿದ್ದೆಯೂ ಉಳಿಯುತ್ತದೆ, ಕಲ್ಲಿದ್ದಲೂ ಉಳಿಯುತ್ತದೆ. ಜಾಗದ ತಕರಾರು, ಗುತ್ತಿಗೆದಾರರ ವಿಳಂಬ, ಪಾವತಿಯ ಬಾಕಿ, ಇವೇ ಇದನ್ನು ಹಿಂದೆ ಎಳೆಯುವ ಸಂಗತಿಗಳು.

ಎರಡನೆಯ ದಾರಿ ಸಂಗ್ರಹ. ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಇದಕ್ಕಾಗಿ ರೂಪಿಸಿದ್ದು. ಹಗಲು ಸೋಲಾರ್ ಕರೆಂಟಿನಲ್ಲಿ ನೀರನ್ನು ಮೇಲೆತ್ತುವುದು, ಸಂಜೆ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ನೂರು ಯೂನಿಟ್ ಹಾಕಿದರೆ 75ರಿಂದ 80 ಮರಳುತ್ತದೆ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ, ಸುರಂಗ ತೋಡಬೇಕಾದ್ದು ಜಡಿಮಳೆಯ ಘಟ್ಟದಲ್ಲಿ. ಹವಾಮಾನದ ಹೆಸರಿನಲ್ಲಿ ಮಳೆಕಾಡನ್ನು ಕಡಿಯುವುದಕ್ಕೆ ಶಿವಮೊಗ್ಗ ಮತ್ತು ಉತ್ತರ ಕನ್ನಡದಲ್ಲಿ ಎದ್ದ ವಿರೋಧವನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವುದು ಸರಿಯಲ್ಲ. ಈ ನಡುವೆ ಬ್ಯಾಟರಿ ಅಗ್ಗವಾಗುತ್ತಿದೆ. 2022ರ ಟೆಂಡರಿನಲ್ಲಿ ಮೆಗಾವಾಟ್‌ಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಾಟಿದ್ದ ಬಾಡಿಗೆ ದರ 2025ರ ಹೊತ್ತಿಗೆ ಎರಡು ಲಕ್ಷದ ಆಸುಪಾಸಿಗೆ ಬಂದಿತು. ನಾಲ್ಕು ವರ್ಷದ ಹಿಂದೆ ಮಾಡಿದ ಲಾಭನಷ್ಟದ ಲೆಕ್ಕವನ್ನು ಹಿಡಿದುಕೊಂಡು ಇಂದು ಸುರಂಗ ತೋಡುವ ಮೊದಲು ಹೊಸದಾಗಿ ಕೂಡಿ ಕಳೆದು ನೋಡುವುದು ಒಳ್ಳೆಯದು.

ಮಳೆಯ ಮೇಲೂ ಒಂದು ಕಣ್ಣು ಬೇಕು. 2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯ ತುಂಬದೆ ಜಲವಿದ್ಯುತ್ ಕುಸಿಯಿತು, ಅದೇ ಹೊತ್ತಿಗೆ ಒಣಗಿದ ಹೊಲಗಳಿಗಾಗಿ ಪಂಪ್‌ಸೆಟ್ ಬೇಡಿಕೆ ಏರಿತು. ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದ ಉತ್ಪಾದಕರೆಲ್ಲ ತನಗೇ ಕರೆಂಟ್ ಮಾರಬೇಕೆಂದು ಆದೇಶಿಸಿತು. 2024ರ ಬೇಸಿಗೆಯಲ್ಲಿ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವಾಟ್ ದಾಟಿತು. ಸ್ಥಾಪಿತ ಸಾಮರ್ಥ್ಯದ ಪಟ್ಟಿಯಲ್ಲಿ ಆ ವರ್ಷವೂ ಲಿಂಗನಮಕ್ಕಿಯ ನೀರನ್ನು ನೆಚ್ಚಿದ ಸಾಮರ್ಥ್ಯ "ಪಳೆಯುಳಿಕೆಯೇತರ" ಎಂದು ಪೂರ್ತಿ ಎಣಿಕೆಯಾಗಿತ್ತು. ಜಲಾಶಯದಲ್ಲಿ ನೀರಿತ್ತೇ ಎಂದು ಆ ಪಟ್ಟಿ ಕೇಳುವುದಿಲ್ಲ.

500 ಗಿಗಾವಾಟ್‌ನ ಮಾತಿಗೆ ಬಂದರೆ, 2025ರ ಜೂನ್‌ನಲ್ಲಿದ್ದ 242.8ರಿಂದ ಐದೂವರೆ ವರ್ಷದಲ್ಲಿ ಅಲ್ಲಿಗೆ ತಲುಪಲು ವರ್ಷಕ್ಕೆ ಸುಮಾರು 47 ಗಿಗಾವಾಟ್ ಸೇರಬೇಕು. 2024-25ರಲ್ಲಿ ನವೀಕರಿಸಬಹುದಾದ ಮೂಲಗಳಿಂದ ಸೇರಿದ್ದು 29.5, ಆ ಬಳಿಕ ವೇಗ ಏರಿದೆ. ಫಲಕ ಕೂರಿಸುವುದು ಈಗ ಕಷ್ಟದ ಕೆಲಸವಲ್ಲ. ಕಷ್ಟ ಬೇರೆ ಎರಡು ಕಡೆ. ಸೋಲಾರ್ ಪ್ಲಾಂಟ್ ಒಂದೂವರೆ ವರ್ಷದಲ್ಲಿ ಏಳುತ್ತದೆ, ಅದರ ಕರೆಂಟ್ ಸಾಗಿಸುವ ಹೈಟೆನ್ಷನ್ ಲೈನ್‌ಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು, ಪ್ರತಿ ಟವರಿಗೂ ಒಬ್ಬ ಭೂಮಾಲೀಕನ ಒಪ್ಪಿಗೆ. ಇನ್ನೊಂದು, ಹರಾಜಾದ ಕರೆಂಟನ್ನು ಕೊಳ್ಳುವವರಿಲ್ಲ. 2025ರಲ್ಲಿ 40 ಗಿಗಾವಾಟ್‌ಗೂ ಹೆಚ್ಚು ಯೋಜನೆಗಳು ಗುತ್ತಿಗೆ ಸಿಕ್ಕರೂ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳ ಜೊತೆ ಖರೀದಿ ಒಪ್ಪಂದವಾಗದೆ ನಿಂತಿದ್ದವು. ಹಗಲಿನ ಕರೆಂಟ್ ಸಾಕಷ್ಟಿದೆ, ಸಂಜೆಯದ್ದು ಕೊಡಿ ಎನ್ನುತ್ತವೆ ಎಸ್ಕಾಂಗಳು. ನಾಳೆ ಇನ್ನೂ ಅಗ್ಗವಾಗುತ್ತದೆ ಎಂದು ಕಾಯುವುದೂ ಇದೆ.

ಕರೆಂಟ್ ಸರಿಹೋದರೂ ಉಳಿಯುವ ಹೊಗೆ

ಸಿಮೆಂಟ್ ಕಾರ್ಖಾನೆಗೆ ನೂರಕ್ಕೆ ನೂರು ಸೋಲಾರ್ ಕರೆಂಟ್ ಕೊಟ್ಟರೂ ಅದರ ಹೊರಸೂಸುವಿಕೆಯ ಬಹುಪಾಲು ಹಾಗೇ ಉಳಿಯುತ್ತದೆ. ವಾಡಿ, ಸೇಡಂ ಕಡೆಯ ಸುಣ್ಣಕಲ್ಲನ್ನು ಗೂಡಿನಲ್ಲಿ ಕಾಯಿಸಿದಾಗ ಕಲ್ಲೇ ಒಡೆದು ಅನಿಲ ಬಿಡುತ್ತದೆ: ಒಂದು ಕೆಜಿ ಶುದ್ಧ ಸುಣ್ಣಕಲ್ಲಿಗೆ 440 ಗ್ರಾಂ. ಇದನ್ನು ಯಾವ ಇಂಧನ ಬದಲಾವಣೆಯೂ ತಡೆಯದು. ಹೀಗೆ ಸುಟ್ಟು ಬರುವ ಗಟ್ಟಿ, ಅಂದರೆ ಕ್ಲಿಂಕರ್, ಕಡಿಮೆ ಮಾಡಿ ಹಾರುಬೂದಿ ಬೆರೆಸುವುದು ಈಗಿರುವ ಮುಖ್ಯ ಉಪಾಯ. ಆ ಬೂದಿ ಬರುವುದು ಕಲ್ಲಿದ್ದಲು ಸ್ಥಾವರದಿಂದ ಎಂಬುದು ಬೇರೆ ಮಾತು. ಉಕ್ಕಿನಲ್ಲಿ ಕಲ್ಲಿದ್ದಲು ಬರೀ ಉರುವಲಲ್ಲ, ಅದಿರಿನ ಆಮ್ಲಜನಕವನ್ನು ಕಿತ್ತುಹಾಕುವ ರಾಸಾಯನಿಕ. ಭಾರತದಲ್ಲಿ ಒಂದು ಟನ್ ಕಚ್ಚಾ ಉಕ್ಕಿಗೆ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಜಗತ್ತಿನ ಸರಾಸರಿಗಿಂತ ಹೆಚ್ಚು. 2017ರ ಉಕ್ಕು ನೀತಿ 2030ರ ಹೊತ್ತಿಗೆ 30 ಕೋಟಿ ಟನ್ ಸಾಮರ್ಥ್ಯ ಬಯಸುತ್ತದೆ. ತೋರಣಗಲ್ಲಿನಂಥ ಊರಿನಲ್ಲಿ ಇಂದು ಏಳುವ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್) ದಶಕಗಳ ಕಾಲ ಕಲ್ಲಿದ್ದಲನ್ನೇ ಕೇಳುತ್ತದೆ.

ಇವಕ್ಕೆ ಕಡಿವಾಣವಾಗಿ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಅಧಿಸೂಚನೆಯಾಯಿತು. ನಿಗದಿಗಿಂತ ಕಡಿಮೆ ಹೊರಸೂಸಿದ ಕಾರ್ಖಾನೆ ಕ್ರೆಡಿಟ್ ಗಳಿಸುತ್ತದೆ, ಮೀರಿದ್ದು ಕೊಳ್ಳಬೇಕು. ಇಲ್ಲಿಯೂ ಮಿತಿ ಇರುವುದು ಪ್ರತಿ ಟನ್ ಉತ್ಪನ್ನಕ್ಕೆ, ಒಟ್ಟು ಮೊತ್ತಕ್ಕಲ್ಲ. ಅದೇ ಅಂಶ, ಅದೇ ಛೇದ.

ಕಾಡಿನ ಲೆಕ್ಕ

ಮೂರನೇ ಗುರಿಯೂ ಕಾಗದದ ಮೇಲೆ ಕೈಗೆಟುಕುವ ದೂರದಲ್ಲಿದೆ. 2005ಕ್ಕೆ ಹೋಲಿಸಿದರೆ 229 ಕೋಟಿ ಟನ್ ಹೆಚ್ಚುವರಿ ಹೀರಿಕೆ ಆಗಿದೆ ಎಂದು ಸರ್ಕಾರ ಹೇಳಿದೆ, ಕೆಳಗಿನ ಗೆರೆ 250. 2023ರ ಅರಣ್ಯ ಸ್ಥಿತಿ ವರದಿಯಂತೆ ದೇಶದ ಶೇ 25.17 ಭೂಮಿ ಕಾಡು ಮತ್ತು ಮರಗಳ ಹೊದಿಕೆಯಡಿ ಇದೆ. ಈ ವರದಿಯಲ್ಲಿ "ಅರಣ್ಯ ಹೊದಿಕೆ" ಎಂದರೆ ಒಂದು ಹೆಕ್ಟೇರ್‌ಗಿಂತ ದೊಡ್ಡದಾಗಿ, ಶೇ 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವುದೇ ಜಾಗ. ಒಡೆತನ ಯಾರದ್ದು, ಮರ ಯಾವುದು ಎಂದು ನೋಡುವುದಿಲ್ಲ. ಕೊಡಗಿನ ಕಾಫಿ ತೋಟ, ಮಲೆನಾಡಿನ ಅಡಿಕೆ ತೋಟ, ಕೋಲಾರದ ಮಾವಿನ ತೋಪು, ನೀಲಗಿರಿ ನೆಡುತೋಪು ಎಲ್ಲವೂ ಉಪಗ್ರಹದ ಕಣ್ಣಿಗೆ ಹಸಿರೇ. ಮರದಲ್ಲಿ ಇಂಗಾಲ ಇರುವುದು ನಿಜ, ಆ ಮಟ್ಟಿಗೆ ಲೆಕ್ಕ ತಪ್ಪಲ್ಲ. ಆದರೆ ಘಟ್ಟದ ಹಳೆಯ ಕಾಡು ಹೋಗಿ ಬೇರೆಲ್ಲೋ ನೀಲಗಿರಿ ಬಂದರೆ ವರದಿಯ ಶೇಕಡಾವಾರು ಅಲುಗದು. ಕಡಿದು ಮಾರಿದ ದಿನ ನೀಲಗಿರಿಯ ಇಂಗಾಲ ಮತ್ತೆ ಗಾಳಿಯ ದಾರಿ ಹಿಡಿಯುತ್ತದೆ.

ಹಾಗಾದರೆ ಉತ್ತರ?

ಸಾಮರ್ಥ್ಯದ ಗುರಿ ಮುಟ್ಟಿಯಾಗಿದೆ. ತೀವ್ರತೆಯ ಗುರಿಯನ್ನು ತಪ್ಪಿಸಿಕೊಳ್ಳಬೇಕೆಂದರೆ ಭಾರತ ವಿಶೇಷ ಪ್ರಯತ್ನ ಮಾಡಬೇಕಾದೀತು. ಕಾಡಿನ ಗುರಿ, ಈಗಿನ ವ್ಯಾಖ್ಯೆ ಇರುವವರೆಗೆ, ಮುಟ್ಟುತ್ತದೆ. 500 ಗಿಗಾವಾಟ್ ಮಾತ್ರ ಲೈನ್, ಸಂಗ್ರಹ ಮತ್ತು ಖರೀದಿ ಒಪ್ಪಂದಗಳ ಮೇಲೆ ನಿಂತಿದೆ, ಒಂದೆರಡು ವರ್ಷ ಹಿಂದೆ ಮುಂದೆ ಆದರೆ ಆಶ್ಚರ್ಯವಿಲ್ಲ. ಈ ಯಾವ ಉತ್ತರದಲ್ಲೂ ಒಟ್ಟು ಹೊಗೆ 2030ಕ್ಕೆ 2020ಕ್ಕಿಂತ ಕಡಿಮೆಯಾಗುತ್ತದೆ ಎಂಬ ಅರ್ಥವಿಲ್ಲ.

ನಿಜವಾದ ಪರೀಕ್ಷೆ ಇರುವುದು 2070ರ ಮಾತಿನಲ್ಲಿ, ಮತ್ತು ಅದರ ಫಲಿತಾಂಶದ ಒಂದು ಭಾಗ ಈಗಲೇ ಬರೆಯಲಾಗುತ್ತಿದೆ. ಸಂಜೆಯ ಬೇಡಿಕೆ ತುಂಬಲು 2031-32ರೊಳಗೆ ಸುಮಾರು 80 ಗಿಗಾವಾಟ್ ಹೊಸ ಕಲ್ಲಿದ್ದಲು ಸಾಮರ್ಥ್ಯ ಬೇಕೆಂದು ಕೇಂದ್ರ ಹೇಳಿದೆ. ರಾಯಚೂರಿನ ಯರಮರಸ್‌ನಲ್ಲಿರುವಂಥ 800 ಮೆಗಾವಾಟ್‌ನ ಒಂದು ಘಟಕ ಶೇ 70ರಂತೆ ಓಡಿದರೆ ವರ್ಷಕ್ಕೆ 490 ಕೋಟಿ ಯೂನಿಟ್, ಹೊಸ ತಂತ್ರಜ್ಞಾನದಲ್ಲಿ ಯೂನಿಟ್‌ಗೆ 0.9 ಕೆಜಿ ಎಂದು ಹಿಡಿದರೂ ಸುಮಾರು 44 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್. ಪಾವಗಡದ ಅಷ್ಟೂ ಫಲಕಗಳು ಒಂದು ವರ್ಷದಲ್ಲಿ ಕಲ್ಲಿದ್ದಲಿನಿಂದ ಉಳಿಸುವುದು ಹೆಚ್ಚೂಕಡಿಮೆ ಇಷ್ಟೇ. ಕಲ್ಲಿದ್ದಲು ಸ್ಥಾವರಗಳನ್ನು ನಮ್ಮಲ್ಲಿ ನಲವತ್ತು ವರ್ಷದವರೆಗೂ ಓಡಿಸುವುದುಂಟು. 2030ರಲ್ಲಿ ಹೊತ್ತಿಸಿದ ಘಟಕಕ್ಕೆ ನಲವತ್ತು ತುಂಬುವುದು 2070ರಲ್ಲಿ.